ಸ್ಕೂಟರ್: ಕುಳಿತವರದೋ, ನಿಂತವರದೋ?

ಸ್ಕೂಟರ್ ಎಂದೊಡನೆ ನಮ್ಮಲ್ಲಿ ಹಲವರ ಕಣ್ಣಿಗೆ ಬರುವುದು ಬಜಾಜ್. ಮುಂದೆ ನಿಂತ ಮಗು, ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತ ಅಮ್ಮ. ಇಲ್ಲಿ ಹುಟ್ಟಿದ ಮಕ್ಕಳಿಗಾದರೋ ಅದು ನಿಂತುಕೊಂಡು ಹೋಗುವ ಚಕ್ರದ ಹಲಗೆ. ಪದದ ಚರಿತ್ರೆ ನೋಡಿದರೆ ಮಕ್ಕಳ ಅರ್ಥವೇ ಹಳೆಯದು. 'ಸ್ಕೂಟ್' ಎಂದರೆ ಸರ್ರನೆ ಸಾಗುವುದು. 1915ರಲ್ಲಿ ನ್ಯೂಯಾರ್ಕಿನಲ್ಲಿ ತಯಾರಾದ ಆಟೋಪೆಡ್ ಎಂಬ ಮೋಟಾರು ಸ್ಕೂಟರನ್ನೂ ನಿಂತೇ ಓಡಿಸಬೇಕಿತ್ತು.

ಕುಳಿತು ಹೋಗುವ ಸ್ಕೂಟರಿನ ಕಥೆಯಲ್ಲಿ ನಮ್ಮ ಬೇ ಏರಿಯಾಕ್ಕೂ ಪಾಲಿದೆ. 1930ರ ದಶಕದ ಮಧ್ಯದಲ್ಲಿ ಫಾಸ್ಟರ್ ಸಾಲ್ಸ್‌ಬರಿ 'ಮೋಟರ್ ಗ್ಲೈಡ್' ರೂಪಿಸಿದ್ದು ಓಕ್ಲೆಂಡಿನಲ್ಲಿ. ಆ ದಶಕ ಮುಗಿಯುವ ಮುನ್ನವೇ ಅದಕ್ಕೆ ಗೇರು ಹಾಕುವ ಕೆಲಸವಿಲ್ಲದ ಬೆಲ್ಟಿನ ಏರ್ಪಾಡು ಬಂತು. ಇಂದು ಬೆಂಗಳೂರಿನಲ್ಲಿ ಓಡುವ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳದ್ದೂ ಅದೇ ತತ್ವ.

ಯುದ್ಧದ ನಂತರ, 1946ರಲ್ಲಿ, ಇಟಲಿಯ ಪಿಯಾಜಿಯೋ ವಿಮಾನ ಕಂಪನಿ ವೆಸ್ಪಾ ತಂದಿತು. ವೆಸ್ಪಾ ಎಂದರೆ ಕಣಜ. ಅದರ ಪರವಾನಗಿ ಪಡೆದು ಬಜಾಜ್ 1960ರ ದಶಕದಲ್ಲಿ ಭಾರತದಲ್ಲೇ ಸ್ಕೂಟರ್ ತಯಾರಿಸತೊಡಗಿತು; 1972ರಲ್ಲಿ ಚೇತಕ್ ಬಂತು. ಎಷ್ಟು ತಯಾರಿಸಬೇಕೆಂಬುದನ್ನು ಸರ್ಕಾರ ನಿಗದಿ ಮಾಡುತ್ತಿದ್ದ ಕಾಲ. ಹೀಗಾಗಿ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹೊರದೇಶದ ನೆಂಟರು ಡಾಲರಿನಲ್ಲಿ ಹಣ ಕಟ್ಟಿದರೆ ಸರತಿ ದಾಟುವ ಅವಕಾಶವೂ ಇತ್ತು. ವರೋಪಚಾರದ ಪಟ್ಟಿಯಲ್ಲಿ ಸ್ಕೂಟರ್ ಸೇರಿದ್ದು ಸುಮ್ಮನೆ ಅಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2018ರ ಮಾರ್ಚಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಬರ್ಡ್, ಲೈಮ್, ಸ್ಪಿನ್ ಕಂಪನಿಗಳು ಪರ್ಮಿಟ್ಟೇ ಇಲ್ಲದೆ ಬ್ಯಾಟರಿ ಸ್ಕೂಟರುಗಳನ್ನು ಫುಟ್‌ಪಾತಿಗೆ ತಂದಿಟ್ಟವು. ಫೋನಿನಲ್ಲಿ ಒತ್ತಿದರೆ ಬಾಡಿಗೆಗೆ ಸಿಗುತ್ತಿತ್ತು. ಎಲ್ಲೆಂದರಲ್ಲಿ ಬಿಟ್ಟು ಹೋಗಬಹುದಿತ್ತು. ನಡೆಯುವವರು ಗೊಣಗಿದರು. ಜೂನ್ 4ರೊಳಗೆ ತೆಗೆಯಿರಿ ಎಂದಿತು ನಗರಾಡಳಿತ. ಮರುದಿನವೇ ಬೆಂಗಳೂರಿನಲ್ಲಿ ಏಥರ್ ಕಂಪನಿ ತನ್ನ ವಿದ್ಯುತ್ ಸ್ಕೂಟರನ್ನು ಮಾರುಕಟ್ಟೆಗೆ ಬಿಡುಗಡೆ ಮಾಡಿತು. ಅದು ಮಾತ್ರ ಕುಳಿತು ಹೋಗುವಂಥದ್ದು.

ಕ್ಯಾಲಿಫೋರ್ನಿಯಾದ ಕಾನೂನೂ ಮಕ್ಕಳ ಪಕ್ಷವೇ. ಅದರ ಪ್ರಕಾರ ಮೋಟಾರು ಸ್ಕೂಟರಿಗೆ ನಿಲ್ಲಲು ಹಲಗೆ ಇರಬೇಕು, ಕಾರಿನ ಲೈಸೆನ್ಸ್ ಸಾಕು. ಚೇತಕ್ಕಿನಂಥದ್ದು ಮೋಟಾರ್ ಸೈಕಲ್ಲಿನ ಸಾಲಿಗೆ ಸೇರುತ್ತದೆ, ಬೇರೆ ಲೈಸೆನ್ಸ್ ಬೇಕು.

ನಮ್ಮ ಹಳೆಯ ಕತೆಗಳನ್ನು ಮಕ್ಕಳಿಗೆ ಓದಿ ಹೇಳುವವರು ಇದನ್ನು ನೆನಪಿಟ್ಟರೆ ಒಳ್ಳೆಯದು. "ಸ್ಕೂಟರ್ ಬುಕ್ ಮಾಡಿದ್ದೇವೆ" ಎಂಬ ಮಾತು ಅವರಿಗೆ ಹತ್ತು ನಿಮಿಷದ ಬಾಡಿಗೆ. ಒಂದು ತಲೆಮಾರಿಗೆ ಅದು ಎಷ್ಟೋ ವರ್ಷಗಳ ಆಸೆ. ಪದಕೋಶ ನೋಡಿದರೆ ಇದು ತಿಳಿಯದು, ನಾವೇ ಹೇಳಬೇಕು.