ಮಿದುಳಿಗೇರಿದ ಶಿಲೀಂಧ್ರ: ಔಷಧಿಯ ಬೆಲೆ, ಹಾಸಿಗೆಯ ಬೆಲೆ

ಆಂಫೊಟೆರಿಸಿನ್ ಬಿ ಎಂಬ ಔಷಧಿಯ ಹಳೆಯ ರೂಪ ಅಷ್ಟೇನೂ ದುಬಾರಿಯಲ್ಲ. ಅದನ್ನು ಕೊಡುವುದು ದುಬಾರಿ. ಮಿದುಳಿನ ಪೊರೆಗೆ ಶಿಲೀಂಧ್ರ ತಗುಲಿದವರಿಗೆ ಹಿಂದೆಲ್ಲ ಎರಡು ವಾರ, ದಿನಾ ಗಂಟೆಗಟ್ಟಲೆ ಡ್ರಿಪ್ ಹಾಕಬೇಕಿತ್ತು. ಹಾಕಿದ ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟ ಎನ್ನುವಂಥ ಚಳಿ, ಹಿಂದೆಯೇ ಜ್ವರ. ಸೂಜಿ ಚುಚ್ಚಿದ ನರ ಊದಿಕೊಳ್ಳುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ರಕ್ತಹೀನತೆ ಬರುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ಔಷಧಿಗೆ ಮುಂಚೆ ಸಲೈನ್, ಆಮೇಲೆ ಪದೇಪದೇ ರಕ್ತಪರೀಕ್ಷೆ. ಇಷ್ಟು ಸಾಲದೆಂದು ತಲೆಯೊಳಗಿನ ಒತ್ತಡ ಬೇರೆ. ಅದನ್ನು ಇಳಿಸಲು ಸೊಂಟದ ಬಳಿ ಸೂಜಿ ಹಾಕಿ ಬೆನ್ನಿನಿಂದ ನೀರು ತೆಗೆಯಬೇಕು, ಮತ್ತೆ ಮತ್ತೆ ತೆಗೆಯಬೇಕು. ಹಾಗೆ ತೆಗೆದರೆ ಮನುಷ್ಯ ಉಳಿಯುವುದಿಲ್ಲ ಎಂಬ ಅಂಜಿಕೆ ಉಗಾಂಡಾದ ವಾರ್ಡುಗಳಲ್ಲೂ ಇದೆ, ನಮ್ಮಲ್ಲೂ ಇದೆ. ಸೂಜಿಗೆ ಖರ್ಚಿಲ್ಲ, ಮನೆಯವರನ್ನು ಒಪ್ಪಿಸುವ ಪುರುಸೊತ್ತಿರುವ ಡಾಕ್ಟರಿಗೆ ಖರ್ಚಿದೆ.

ಈ ಕಾಯಿಲೆ ತರುವ ಕ್ರಿಪ್ಟೊಕಾಕಸ್ ಶಿಲೀಂಧ್ರವನ್ನು 1894ರಲ್ಲೇ ಇಟಲಿಯಲ್ಲಿ ಪೀಚ್ ಹಣ್ಣಿನ ರಸದಲ್ಲೂ, ಜರ್ಮನಿಯಲ್ಲಿ ರೋಗಿಯೊಬ್ಬಳ ಕಾಲಿನ ಮೂಳೆಯಲ್ಲೂ ಗುರುತಿಸಿದ್ದರು. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಅದು ಧಾರಾಳವಾಗಿ ಬೆಳೆಯುತ್ತದೆ. ಉಸಿರಿನ ಜೊತೆ ಒಳಗೆ ಹೋದರೂ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. 1950ರ ದಶಕದಲ್ಲಿ, ವೆನೆಜುವೆಲಾದ ಒರಿನೊಕೊ ಸೀಮೆಯ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆಂಫೊಟೆರಿಸಿನ್ ಸಿಕ್ಕಿತು. ಆಮೇಲೂ ಈ ಕಾಯಿಲೆ ಪಠ್ಯಪುಸ್ತಕದ ಮೂಲೆಯಲ್ಲೇ ಇತ್ತು. ಅದನ್ನು ವಾರ್ಡಿನ ನಡುವೆ ತಂದು ಮಲಗಿಸಿದ್ದು ಏಡ್ಸ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಎಚ್‌ಐವಿ ಸೋಂಕಿತರ ನರರೋಗಗಳಲ್ಲಿ ಇದು ಎದ್ದು ಕಂಡಿತು.

ಹೊರೆ ಎಷ್ಟೆಂದು ಲೆಕ್ಕ ಹಾಕುವುದಕ್ಕೇ ಕಾಲ ಹಿಡಿಯಿತು. 2009ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 9,57,900 ಪ್ರಕರಣ, 6,24,700 ಸಾವು. 2017ರಲ್ಲಿ ಬಂದ ಅಂದಾಜು 2,23,100 ಪ್ರಕರಣಗಳಿಗೆ ಇಳಿಯಿತು. 2020ನೇ ಇಸವಿಗೆ ಕಟ್ಟಿದ ಲೆಕ್ಕ 1,52,000 ಪ್ರಕರಣ, 1,12,000 ಸಾವು. ಈ ಇಳಿಕೆಯಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳ ಪಾಲಿದೆ, ಎಣಿಸುವ ವಿಧಾನ ಬದಲಾದದ್ದರ ಪಾಲೂ ಇದೆ. ಎಲ್ಲವನ್ನೂ ಗೆಲುವಿನ ಖಾತೆಗೆ ಬರೆದುಕೊಳ್ಳುವಂತಿಲ್ಲ. ಏಡ್ಸ್ ಸಾವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು 2020ರಲ್ಲೂ ಇದರದೇ.

ಬೆಲೆಯ ಜಗಳ ಬೀದಿಗೆ ಬಂದದ್ದು ದಕ್ಷಿಣ ಆಫ್ರಿಕಾದಲ್ಲಿ. ಇದೇ ಕಾಯಿಲೆಗೆ ಕೊಡುವ, ನುಂಗುವ ಮಾತ್ರೆ ಫ್ಲುಕೊನಝೋಲ್‌ನ ಪೇಟೆಂಟ್ ಫೈಜರ್ ಕಂಪನಿಯದಾಗಿತ್ತು. 2000ದ ಅಕ್ಟೋಬರ್‌ನಲ್ಲಿ ಹೋರಾಟಗಾರ ಜ್ಯಾಕಿ ಅಖ್ಮತ್ ಥಾಯ್ಲೆಂಡಿಗೆ ಹೋಗಿ, ಅಲ್ಲಿನ ಜೆನೆರಿಕ್ ಕ್ಯಾಪ್ಸೂಲುಗಳನ್ನು ಸಾವಿರಾರು ಲೆಕ್ಕದಲ್ಲಿ ಕೊಂಡು ಕೇಪ್‌ಟೌನಿಗೆ ತಂದು, ಪತ್ರಕರ್ತರೆದುರು ಬಹಿರಂಗವಾಗಿ ಹೇಳಿಕೊಂಡರು. ಒಂದರ ಬೆಲೆ ಎರಡು ರ‍್ಯಾಂಡಿಗೂ ಕಡಿಮೆ. ಅಲ್ಲಿನ ಖಾಸಗಿ ಅಂಗಡಿಗಳಲ್ಲಿ ಅದರ ಹತ್ತಾರು ಪಟ್ಟು. ಕಂಪನಿ ಕೊನೆಗೆ ಬಡ ದೇಶಗಳಿಗೆ ಮಾತ್ರೆಯನ್ನು ಉಚಿತವಾಗಿ ಕೊಡತೊಡಗಿತು.

ಆದರೆ ಆ ಮಾತ್ರೆ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಬೇಗ ಕೊಲ್ಲುವುದಿಲ್ಲ. ಅದೊಂದನ್ನೇ ನಂಬಿದ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಕೆಲವೇ ವಾರಗಳಲ್ಲಿ ಸಾಯುತ್ತಿದ್ದರು. ಪುಕ್ಕಟೆ ಔಷಧಿ ಇದೆಯಲ್ಲ ಎಂಬ ಸಮಾಧಾನವೇ ಒಂದು ದಶಕವನ್ನು ನುಂಗಿತೇನೋ ಅನ್ನಿಸುತ್ತದೆ. ಆಂಫೊಟೆರಿಸಿನ್‌ಗೆ ನಿಜಕ್ಕೂ ಕೆಲಸ ಮಾಡುವ ಜೊತೆಗಾರ ಫ್ಲುಸೈಟೊಸಿನ್. 1957ರಲ್ಲಿ ಕ್ಯಾನ್ಸರಿಗೆಂದು ತಯಾರಾದ ಈ ಔಷಧಿಗೆ ಪೇಟೆಂಟ್ ಎಂದೋ ಮುಗಿದಿದ್ದರೂ ಆಫ್ರಿಕಾದ ಬಹುತೇಕ ದೇಶಗಳಲ್ಲಿ ನೋಂದಣಿಯೇ ಆಗಿರಲಿಲ್ಲ. ಅಮೆರಿಕದಲ್ಲಿ ಅದೇ ಮಾತ್ರೆಗೆ ಒಂದು ಕೋರ್ಸಿಗೆ ಸಾವಿರಾರು ಡಾಲರ್.

2018ರಲ್ಲಿ ಪ್ರಕಟವಾದ ‘ಆಕ್ಟಾ’ ಪ್ರಯೋಗ ಮಲಾವಿ, ಜಾಂಬಿಯಾ, ಟಾಂಜಾನಿಯಾ, ಕ್ಯಾಮರೂನ್‌ಗಳ ಮಾಮೂಲಿ ಆಸ್ಪತ್ರೆಗಳಲ್ಲಿ ನಡೆದದ್ದು. ಆಂಫೊಟೆರಿಸಿನ್ ಜೊತೆ ಫ್ಲುಸೈಟೊಸಿನ್ ಕೊಟ್ಟರೆ ಎರಡು ವಾರದ ಡ್ರಿಪ್ಪನ್ನು ಒಂದೇ ವಾರಕ್ಕೆ ಇಳಿಸಬಹುದೆಂದು ಅದು ತೋರಿಸಿತು. 2022ರ ‘ಆ್ಯಂಬಿಷನ್’ ಪ್ರಯೋಗ ಇನ್ನೂ ಮುಂದೆ ಹೋಯಿತು. ಕೊಬ್ಬಿನ ಕಣಗಳೊಳಗೆ ತುಂಬಿದ, ಕಿಡ್ನಿಗೆ ಅಷ್ಟು ಪೆಟ್ಟು ಕೊಡದ ಲೈಪೊಸೋಮಲ್ ಆಂಫೊಟೆರಿಸಿನ್ ಅನ್ನು ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಉಳಿದದ್ದನ್ನು ಮಾತ್ರೆಗೆ ಬಿಟ್ಟರು. ಹತ್ತು ವಾರಗಳಲ್ಲಿ ಸತ್ತವರು ಶೇ. 24.8, ಹಳೆಯ ಒಂದು ವಾರದ ವಿಧಾನದಲ್ಲಿ ಶೇ. 28.7. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು.

ಅಗ್ಗವಾಯಿತೇ? ಪೂರ್ತಿ ಅಲ್ಲ. ಹೊಸ ವಿಧಾನದಲ್ಲಿ ರೋಗಿಯೊಬ್ಬರ ಖರ್ಚು ಸರಾಸರಿ 130 ಡಾಲರಿನಷ್ಟು ಹೆಚ್ಚೇ ಆಯಿತು. ಶುಶ್ರೂಷೆಯಲ್ಲಿ ಉಳಿದದ್ದನ್ನು ಲೈಪೊಸೋಮಲ್ ಔಷಧಿಯ ವಯಲ್‌ನ ಬೆಲೆ ತಿಂದುಹಾಕಿತು. ಅದನ್ನು ಮಾರುವ ಗಿಲಿಯಡ್ ಕಂಪನಿ 2018ರಲ್ಲಿ 116 ದೇಶಗಳಿಗೆ ಒಂದು ವಯಲ್‌ಗೆ 16.25 ಡಾಲರ್ ಎಂದು ಘೋಷಿಸಿದ್ದರೂ ಆ ಬೆಲೆಗೆ ಸಿಗುತ್ತಿಲ್ಲವೆಂಬ ದೂರು ನಿಲ್ಲಲಿಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ಹರಡಿದಾಗ ಕರ್ನಾಟಕದ ಕುಟುಂಬಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದದ್ದು ಇದೇ ವಯಲ್‌ಗಾಗಿ.

ಶ್ರೀಮಂತ ದೇಶದ ಬಿಲ್ಲಿನ ಕಥೆಯೇ ಬೇರೆ. 2012ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ ಔಷಧಿ ತಯಾರಿಕಾ ಕೇಂದ್ರವೊಂದರ ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಬೂಸ್ಟು, ಅಂದರೆ ಇನ್ನೊಂದು ಬಗೆಯ ಶಿಲೀಂಧ್ರ, ಸೇರಿತ್ತು. ಹೆಚ್ಚಾಗಿ ಬೆನ್ನುನೋವಿಗೆಂದು ಅದನ್ನು ಚುಚ್ಚಿಸಿಕೊಂಡ 20 ರಾಜ್ಯಗಳ 750ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು, 60ಕ್ಕೂ ಹೆಚ್ಚು ಮಂದಿ ಸತ್ತರು. ಇಂಜೆಕ್ಷನ್ ಪಡೆದಿದ್ದ ಸುಮಾರು 14,000 ಮಂದಿಯನ್ನು ಹುಡುಕಿ ಎಚ್ಚರಿಸಬೇಕಾಯಿತು. ಸೋಂಕಿತರಿಗೆ ತಿಂಗಳುಗಟ್ಟಲೆ ವೊರಿಕೊನಝೋಲ್ ಎಂಬ ಶಿಲೀಂಧ್ರ ಔಷಧಿ ಕೊಡಬೇಕಾಯಿತು. ಪರಿಹಾರ ನಿಧಿ 20 ಕೋಟಿ ಡಾಲರ್ ಮುಟ್ಟಿತು. 2013ರಲ್ಲಿ ಇಂಥ ಕೇಂದ್ರಗಳಿಗೆಂದು ಹೊಸ ಕಾನೂನೇ ಬಂತು.

ಈ ಎಲ್ಲ ಖರ್ಚಿನ ನಡುವೆ ಕಣ್ಣಿಗೆ ಬೀಳದಷ್ಟು ಅಗ್ಗದ್ದೆಂದರೆ ಕ್ರಿಪ್ಟೊಕಾಕಸ್ ಪತ್ತೆಗೆ 2011ರಲ್ಲಿ ಬಂದ ಪರೀಕ್ಷಾ ಪಟ್ಟಿ. ಒಂದು ಹನಿ ರಕ್ತ, ಹತ್ತು ನಿಮಿಷ, ಕೆಲವೇ ಡಾಲರ್. ತಲೆನೋವು ಶುರುವಾಗುವ ವಾರಗಳ ಮೊದಲೇ ಇದು ರೋಗದ ಸುಳಿವು ಕೊಡುತ್ತದೆ. ಆಗ ಅದೇ ದುರ್ಬಲ ಫ್ಲುಕೊನಝೋಲ್ ಸಾಕಾಗಬಹುದು. ದಕ್ಷಿಣ ಆಫ್ರಿಕಾದ ಸರ್ಕಾರಿ ಲ್ಯಾಬುಗಳಲ್ಲಿ ಸಿಡಿ4 ಎಣಿಕೆ (ರೋಗನಿರೋಧಕ ಕಣಗಳ ಲೆಕ್ಕ) ತೀರಾ ಕಡಿಮೆಯಿದ್ದರೆ, ಉಳಿದ ರಕ್ತದಲ್ಲೇ, ಯಾರೂ ಕೇಳದಿದ್ದರೂ ಈ ಪರೀಕ್ಷೆ ಮಾಡುವ ಪದ್ಧತಿ ಬಂದಿದೆ. ಬೇರೆ ಹಲವು ಕಡೆ, ಎಚ್‌ಐವಿ ಇರುವ ಎಲ್ಲರಿಗೂ ಚಿಕಿತ್ಸೆ ಎಂಬ 2015ರ ನೀತಿಯ ನಂತರ ದಾನಿಗಳ ಹಣ ರಕ್ತದಲ್ಲಿನ ವೈರಾಣುವಿನ ಪ್ರಮಾಣ ಅಳೆಯುವ ವೈರಲ್ ಲೋಡ್ ಪರೀಕ್ಷೆಯತ್ತ ತಿರುಗಿ, ಸಿಡಿ4 ಎಣಿಕೆಯೇ ಕಡಿಮೆಯಾಯಿತು. ಎಣಿಕೆ ಇಲ್ಲದಿದ್ದರೆ ಈ ಪಟ್ಟಿಯನ್ನು ಯಾರ ರಕ್ತಕ್ಕೆ ಹಾಕಬೇಕೆಂಬುದೂ ಆಸ್ಪತ್ರೆಗೆ ತಿಳಿಯುವುದಿಲ್ಲ.