ಕಿರುಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್: ಬದಲಿಸುವುದು ಏಕೆ, ಯಾವಾಗ, ಹೇಗೆ?

ಪಿಸ್ತೂಲಿನ ಬಿಡಿಭಾಗಗಳಲ್ಲಿ ಅತ್ಯಂತ ಹೆಚ್ಚು ದುಡಿಯುವುದೂ ಅತ್ಯಂತ ಕಡಿಮೆ ಗಮನ ಪಡೆಯುವುದೂ ಒಂದೇ: ರಿಕಾಯಿಲ್ ಸ್ಪ್ರಿಂಗ್. ಗುಂಡು ಹಾರಿದಾಗಲೆಲ್ಲ ಅದು ಒಮ್ಮೆ ಪೂರ್ಣವಾಗಿ ಮುದುಡಿ ಮತ್ತೆ ಚಾಚಿಕೊಳ್ಳುತ್ತದೆ. ನಳಿಕೆ ಹತ್ತಾರು ಸಾವಿರ ಗುಂಡುಗಳನ್ನು ತಾಳಿಕೊಂಡರೂ ಈ ಸ್ಪ್ರಿಂಗ್ ಅಷ್ಟು ಕಾಲ ಬಾಳುವುದಿಲ್ಲ. ಪಿಸ್ತೂಲಿನ ಗಾತ್ರ ಕಿರಿದಾದಷ್ಟೂ ಸ್ಪ್ರಿಂಗಿನ ಆಯಸ್ಸು ಕಿರಿದಾಗುತ್ತದೆ. ಇದನ್ನು ಅರಿಯದವರು ನೋಡಲು ಹೊಸದರಂತಿರುವ ಆಯುಧವನ್ನು ನಂಬಿ, ಅಗತ್ಯದ ಗಳಿಗೆಯಲ್ಲಿ ಮೋಸಹೋಗುವ ಸಾಧ್ಯತೆ ಉಂಟು.

ಸ್ಪ್ರಿಂಗ್ ಮಾಡುವ ಕೆಲಸ

ಗುಂಡು ಮುಂದಕ್ಕೆ ಹಾರುವಾಗ ಅಷ್ಟೇ ಪ್ರಮಾಣದ ಆವೇಗ ಆಯುಧವನ್ನು ಹಿಂದಕ್ಕೆ ನೂಕುತ್ತದೆ. ಈ ಹಿನ್ನೂಕನ್ನೇ ದುಡಿಸಿಕೊಂಡು ಮುಂದಿನ ತೋಟಾವನ್ನು ತುಂಬಿಕೊಳ್ಳುವುದು ಸ್ವಯಂಚಾಲಿತ ಪಿಸ್ತೂಲಿನ ಮೂಲತತ್ವ. ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಜೊತೆಗೆ, ನಳಿಕೆಯ ಕೆಳಗೆ ಇಲ್ಲವೇ ಸುತ್ತ ಇರುವ ಸ್ಪ್ರಿಂಗನ್ನು ಅದುಮುತ್ತದೆ. ಹೀಗೆ ಅದುಮಿಸಿಕೊಂಡ ಸ್ಪ್ರಿಂಗ್ ಮರುಕ್ಷಣವೇ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ. ಆಗ ಸ್ಲೈಡ್ ಮ್ಯಾಗಜಿನ್ನಿನಿಂದ ಹೊಸ ತೋಟಾವನ್ನು ಎಳೆದು ಚೇಂಬರಿಗೆ ಸೇರಿಸಿ ಬಾಗಿಲು ಮುಚ್ಚುತ್ತದೆ. ಇವೆಲ್ಲ ಸೆಕೆಂಡಿನ ಚಿಕ್ಕದೊಂದು ಭಾಗದಲ್ಲಿ ನಡೆದುಹೋಗುತ್ತವೆ.

ಆದುದರಿಂದ ಈ ಸ್ಪ್ರಿಂಗಿಗೆ ಎರಡು ಹೊಣೆಗಳಿವೆ. ಹಿಂದಕ್ಕೆ ಬರುವ ಸ್ಲೈಡಿನ ವೇಗವನ್ನು ತಗ್ಗಿಸಿ ಫ್ರೇಮಿಗೆ ಬೀಳುವ ಹೊಡೆತವನ್ನು ಮೆದುಗೊಳಿಸುವುದು ಮೊದಲನೆಯದು. ಸ್ಲೈಡನ್ನು ಪೂರ್ಣವಾಗಿ ಮುಚ್ಚುವಷ್ಟು ಬಲವನ್ನು ಕೂಡಿಟ್ಟುಕೊಳ್ಳುವುದು ಎರಡನೆಯದು. ಸ್ಪ್ರಿಂಗ್ ದುರ್ಬಲಗೊಂಡರೆ ಎರಡೂ ಕೆಡುತ್ತವೆ. ಹಾಗೆಂದು ಅತಿ ಬಿಗಿಯಾದ ಸ್ಪ್ರಿಂಗೂ ಸಲ್ಲದು. ಸ್ಲೈಡ್ ಪೂರ್ತಿ ಹಿಂದೆ ಸರಿಯಲಾಗದೆ ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ, ಅಥವಾ ಕೊನೆಯ ಗುಂಡಿನ ನಂತರ ತೆರೆದು ನಿಲ್ಲಬೇಕಾದ ಸ್ಲೈಡ್ ನಿಲ್ಲದೆ ಮುಚ್ಚಿಕೊಳ್ಳುತ್ತದೆ.

ಕಿರಿಯ ಪಿಸ್ತೂಲಿಗೆ ಹಿರಿಯ ಹೊರೆ

ಆಸ್ಟ್ರಿಯದ ಗ್ಲಾಕ್ ಕಂಪನಿಯ ಪಿಸ್ತೂಲುಗಳು ಈ ವಿಷಯಕ್ಕೆ ಒಳ್ಳೆಯ ಉದಾಹರಣೆ. ಆಸ್ಟ್ರಿಯದ ಸೇನೆ 1982ರಲ್ಲಿ ಆಯ್ಕೆ ಮಾಡಿಕೊಂಡ ಗ್ಲಾಕ್ 17ರ ನಳಿಕೆಯ ಉದ್ದ 114 ಮಿಲಿಮೀಟರ್. 1988ರಲ್ಲಿ ಬಂದ ಅದರ ಕಿರು ರೂಪವಾದ ಗ್ಲಾಕ್ 19ರದು 102 ಮಿಲಿಮೀಟರ್. ತೊಂಬತ್ತರ ದಶಕದಲ್ಲಿ ಬಂದ, ಇನ್ನೂ ಚಿಕ್ಕದಾದ ಗ್ಲಾಕ್ 26ರದು ಸುಮಾರು 87 ಮಿಲಿಮೀಟರ್. ಮೂರೂ ಬಳಸುವುದು ಒಂದೇ 9 ಮಿ.ಮೀ. ತೋಟಾವನ್ನು. ಅದರ ಗರಿಷ್ಠ ಉದ್ದ 29.69 ಮಿಲಿಮೀಟರ್.

ತೊಡಕಿರುವುದು ಇಲ್ಲಿಯೇ. ಪಿಸ್ತೂಲನ್ನು ಚಿಕ್ಕದಾಗಿಸಬಹುದು, ತೋಟಾವನ್ನು ಚಿಕ್ಕದಾಗಿಸಲಾಗದು. ತೋಟಾ ಮೇಲೇಳಲು ಸ್ಲೈಡ್ ಅದರ ಉದ್ದಕ್ಕಿಂತ ತುಸು ಹೆಚ್ಚೇ ಹಿಂದೆ ಸರಿಯಬೇಕು. ಎಂದರೆ ಗಿಡ್ಡ ಪಿಸ್ತೂಲಿನ ಗಿಡ್ಡ ಸ್ಪ್ರಿಂಗ್ ಕೂಡ ಉದ್ದ ಪಿಸ್ತೂಲಿನ ಸ್ಪ್ರಿಂಗಿನಷ್ಟೇ ದೂರ ಮುದುಡಬೇಕಾಗುತ್ತದೆ. ಹೀಗೆ ತನ್ನ ಉದ್ದದ ದೊಡ್ಡ ಪಾಲನ್ನು ಬಿಟ್ಟುಕೊಡುವಾಗ ಅದರ ತಂತಿಯ ಮೇಲೆ ಬೀಳುವ ಒತ್ತಡ ಹೆಚ್ಚು. ಜೊತೆಗೆ ಗಿಡ್ಡ ಸ್ಲೈಡ್ ಹಗುರವಾಗಿರುವುದರಿಂದ ಅದೇ ಹಿನ್ನೂಕಿಗೆ ಇನ್ನಷ್ಟು ವೇಗವಾಗಿ ಹಿಂದೆ ಧಾವಿಸುತ್ತದೆ. ಅದನ್ನು ತಡೆಯಲು ಹೆಚ್ಚು ಬಿಗಿಯಾದ ಸ್ಪ್ರಿಂಗ್ ಬೇಕು. ಅಮೆರಿಕದ ಕೋಲ್ಟ್ 1911 ಮಾದರಿಯಲ್ಲಿ 5 ಅಂಗುಲದ ನಳಿಕೆಗೆ ರೂಢಿಯ ಸ್ಪ್ರಿಂಗ್ 16 ಪೌಂಡಿನದಾದರೆ, ನಾಲ್ಕೂಕಾಲು ಅಂಗುಲದ ಕಮಾಂಡರ್ ರೂಪಕ್ಕೆ 18 ಪೌಂಡಿನದು ಬೇಕಾಗುವುದು ಈ ಕಾರಣದಿಂದ.

ಸ್ಪ್ರಿಂಗಿನ ಬಲ ಅದರ ಚಾಚುವಿಕೆ ಅಥವಾ ಮುದುಡುವಿಕೆಗೆ ಅನುಪಾತದಲ್ಲಿರುತ್ತದೆ ಎಂಬುದನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಶಾಲೆಯ ಭೌತಶಾಸ್ತ್ರದಲ್ಲಿ ಎಲ್ಲರೂ ಓದುವ ನಿಯಮವಿದು. ಉಕ್ಕು ಸ್ಥಿತಿಸ್ಥಾಪಕ ಮಿತಿಯೊಳಗೆ ಇರುವವರೆಗೆ ಮಾತ್ರ ಈ ನಿಯಮ ಸಲ್ಲುತ್ತದೆ. ಮಿತಿಯ ಅಂಚಿನಲ್ಲಿ ಸಾವಿರಾರು ಬಾರಿ ದುಡಿದ ಸ್ಪ್ರಿಂಗ್ ಕ್ರಮೇಣ ತನ್ನ ಮೂಲ ಉದ್ದಕ್ಕೆ ಮರಳುವುದಿಲ್ಲ. ಹೀಗೆ ಕುಗ್ಗಿದ ಸ್ಪ್ರಿಂಗಿನ ಬಲವೂ ಕುಗ್ಗುತ್ತದೆ.

ಈ ಇಕ್ಕಟ್ಟಿಗೆ ತಯಾರಕರು ಕಂಡುಕೊಂಡ ಪರಿಹಾರವೆಂದರೆ ಒಂದರೊಳಗೊಂದು ಕೂರುವ ಎರಡು ಸ್ಪ್ರಿಂಗುಗಳ ಜೋಡಣೆ. ಹೊರೆ ಎರಡರ ನಡುವೆ ಹಂಚಿಹೋಗುವುದರಿಂದ ಆಯಸ್ಸು ಹೆಚ್ಚುತ್ತದೆ. ಗ್ಲಾಕ್ 26ರಲ್ಲಿ ಆರಂಭದಿಂದಲೇ ಇದ್ದ ಈ ಕ್ರಮ 2010ರ ನಾಲ್ಕನೇ ತಲೆಮಾರಿನೊಂದಿಗೆ ಗ್ಲಾಕ್ 17 ಮತ್ತು 19ಕ್ಕೂ ಬಂತು. ಆದರೂ ಸರಿಯಾದ ಬಲವನ್ನು ನಿಗದಿ ಮಾಡುವುದು ಸುಲಭವಾಗಿರಲಿಲ್ಲ. 2011ರಲ್ಲಿ ಕಂಪನಿ ನಾಲ್ಕನೇ ತಲೆಮಾರಿನ ಹಲವು ಮಾದರಿಗಳಿಗೆ ಪರಿಷ್ಕೃತ ಸ್ಪ್ರಿಂಗ್ ಜೋಡಣೆಯನ್ನು ಉಚಿತವಾಗಿ ಬದಲಿಸಿಕೊಡುವ ಕಾರ್ಯಕ್ರಮ ಕೈಗೊಳ್ಳಬೇಕಾಯಿತು.

ಯಾವಾಗ ಬದಲಿಸಬೇಕು?

ಕಣ್ಣಳತೆ ಇಲ್ಲಿ ನೆರವಾಗುವುದಿಲ್ಲ. ಸೊರಗಿದ ಸ್ಪ್ರಿಂಗ್ ನೋಡಲು ಹೊಸದರಂತೆಯೇ ಇರುತ್ತದೆ. ನಂಬಬಹುದಾದದ್ದು ಗುಂಡುಗಳ ಲೆಕ್ಕ. ಪೂರ್ಣ ಗಾತ್ರದ ಪಿಸ್ತೂಲುಗಳಲ್ಲಿ 3,000ದಿಂದ 5,000 ಗುಂಡುಗಳಿಗೊಮ್ಮೆ ಬದಲಿಸುವುದು ರೂಢಿ. ಕಿರು ಪಿಸ್ತೂಲುಗಳಲ್ಲಿ ಅದಕ್ಕಿಂತ ಬೇಗ ಬದಲಿಸಬೇಕಾಗುತ್ತದೆ. ಆಯಾ ಮಾದರಿಯ ಕೈಪಿಡಿ ಹೇಳಿದ ಸಂಖ್ಯೆಯೇ ಅಂತಿಮ. ಸ್ಪ್ರಿಂಗನ್ನು ದಣಿಸುವುದು ಬಳಕೆಯೇ ಹೊರತು ಕಪಾಟಿನಲ್ಲಿ ಕಳೆದ ವರ್ಷಗಳಲ್ಲ. ಇದಕ್ಕೆ ತುಕ್ಕು ಮಾತ್ರ ಅಪವಾದ. ತುಕ್ಕಿನಿಂದ ತಂತಿಯ ಮೇಲೆ ಮೂಡುವ ಸಣ್ಣ ಗುಳಿಗಳಲ್ಲಿಯೇ ಬಿರುಕು ಆರಂಭವಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಉಳಿದ ಆಯುಧದಲ್ಲಿ, ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಟ್ಟು ಮರಳಿ ಪಡೆದ ಆಯುಧದಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಒಳಿತು.

ದುರ್ಬಲ ಸ್ಪ್ರಿಂಗಿನ ಸೂಚನೆಗಳು ಹೀಗಿರುತ್ತವೆ: ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆಯೇ ನಿಲ್ಲುವುದು, ಖಾಲಿ ತೋಟಾಗಳು ಮೊದಲಿಗಿಂತ ದೂರಕ್ಕೆ ಹಾರುವುದು, ಕೈಗೆ ತಾಕುವ ಹೊಡೆತ ಹೆಚ್ಚಿದಂತೆ ಅನಿಸುವುದು.

ಗ್ಲಾಕ್ ಪಿಸ್ತೂಲಿಗೆ ಸರಳ ಪರೀಕ್ಷೆಯೊಂದಿದೆ. ಖಾಲಿ ಎಂದು ಖಚಿತಪಡಿಸಿಕೊಂಡ ಪಿಸ್ತೂಲನ್ನು ಸುರಕ್ಷಿತ ದಿಕ್ಕಿನಲ್ಲಿ 45 ಡಿಗ್ರಿ ಮೇಲ್ಮುಖವಾಗಿ ಹಿಡಿಯಬೇಕು. ಟ್ರಿಗರನ್ನು ಒತ್ತಿ ಹಿಡಿದೇ ಸ್ಲೈಡನ್ನು ಹಿಂದಕ್ಕೆಳೆದು, ಕೈಯಾಸರೆಯಲ್ಲೇ ನಿಧಾನವಾಗಿ ಮುಂದಕ್ಕೆ ಬಿಡಬೇಕು. ಟ್ರಿಗರ್ ಒತ್ತಿದ ಸ್ಥಿತಿಯಲ್ಲಿ ಸ್ಟ್ರೈಕರಿನ ಸ್ಪ್ರಿಂಗ್ ಸ್ಲೈಡನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಆ ಜಗ್ಗಾಟವನ್ನೂ ಸ್ಲೈಡಿನ ಭಾರವನ್ನೂ ಮೀರಿ ಸ್ಲೈಡ್ ತಾನಾಗಿ ಪೂರ್ತಿ ಮುಚ್ಚಿದರೆ ಸ್ಪ್ರಿಂಗ್ ಇನ್ನೂ ಸಮರ್ಥವಾಗಿದೆ ಎಂದರ್ಥ. ನಡುವೆ ನಿಂತರೆ ಬದಲಿಸುವ ಕಾಲ ಬಂದಿದೆ.

ಬದಲಿಸುವ ಕ್ರಮ

ಸ್ಪ್ರಿಂಗ್ ಬದಲಾವಣೆಗೆ ಹೆಚ್ಚಿನ ಸಲಕರಣೆ ಬೇಡ. ಬೇಕಾದದ್ದು ಎಚ್ಚರ. ಗ್ಲಾಕ್ 19ರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕೆಲಸದ ಮೇಜಿನಿಂದ ತೋಟಾಗಳೆಲ್ಲವನ್ನೂ ಬೇರೆ ಕೋಣೆಗೆ ಸಾಗಿಸಬೇಕು. ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ ಮ್ಯಾಗಜಿನ್ ತೆಗೆಯಬೇಕು. ಅನಂತರ ಸ್ಲೈಡನ್ನು ಹಿಂದಕ್ಕೆಳೆದು ತೆರೆದು ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಪರೀಕ್ಷಿಸಬೇಕು. ಈ ಅನುಕ್ರಮ ಹಿಂದುಮುಂದಾಗುವಂತಿಲ್ಲ. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡನ್ನು ಎಳೆದರೆ ಚೇಂಬರಿನ ತೋಟಾ ಹೊರಬಿದ್ದರೂ ಸ್ಲೈಡ್ ಮುಚ್ಚುವಾಗ ಇನ್ನೊಂದು ಒಳಸೇರುತ್ತದೆ. ಖಾಲಿ ಎಂದು ಭ್ರಮಿಸಿದ ಪಿಸ್ತೂಲಿನಿಂದ ಗುಂಡು ಹಾರುವ ಅವಘಡಗಳ ಹಿಂದೆ ಈ ತಪ್ಪು ಮತ್ತೆ ಮತ್ತೆ ಕಾಣಸಿಗುತ್ತದೆ.

ಗ್ಲಾಕ್ ಬಿಚ್ಚುವ ಮುನ್ನ ಟ್ರಿಗರನ್ನು ಒಮ್ಮೆ ಎಳೆಯಲೇಬೇಕು ಎಂಬುದು ಅದರ ರಚನೆಯ ವೈಶಿಷ್ಟ್ಯ. ಆದುದರಿಂದ ಸ್ಲೈಡ್ ಮುಚ್ಚಿದ ಬಳಿಕ ಟ್ರಿಗರ್ ಮುಟ್ಟುವ ಮುನ್ನ ಚೇಂಬರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವುದು ಅತಿಯಾದ ಎಚ್ಚರಿಕೆಯಲ್ಲ.

ಟ್ರಿಗರ್ ಎಳೆದ ಮೇಲೆ ಸ್ಲೈಡನ್ನು ಎರಡು-ಮೂರು ಮಿಲಿಮೀಟರ್ ಮಾತ್ರ ಹಿಂದಕ್ಕೆ ಸರಿಸಿ, ಫ್ರೇಮಿನ ಎರಡೂ ಬದಿಯಲ್ಲಿರುವ ಸ್ಲೈಡ್ ಲಾಕನ್ನು ಕೆಳಕ್ಕೆಳೆದು ಹಿಡಿಯಬೇಕು. ಆಗ ಸ್ಲೈಡ್ ಮುಂದಕ್ಕೆ ಕಳಚಿ ಬರುತ್ತದೆ. ಅದನ್ನು ಬೋರಲಾಗಿ ಹಿಡಿದರೆ ನಳಿಕೆಯ ಕೆಳಗೆ ಸ್ಪ್ರಿಂಗ್ ಜೋಡಣೆ ಕಾಣುತ್ತದೆ. ಅದರ ಹಿಂತುದಿಯನ್ನು ತುಸು ಮುಂದಕ್ಕೆ ಒತ್ತಿ ಮೇಲೆತ್ತಿದರೆ ಬಿಡಿಸಿಕೊಳ್ಳುತ್ತದೆ. ಒತ್ತಡದಲ್ಲಿರುವ ಸ್ಪ್ರಿಂಗ್ ಕೈಜಾರಿದರೆ ಕಣ್ಣಿಗೆ ಬಡಿಯಬಹುದು. ಕನ್ನಡಕ ಧರಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಹೊಸ ಜೋಡಣೆಯ ಮುಂತುದಿಯನ್ನು ಸ್ಲೈಡಿನ ಮೂತಿಯ ರಂಧ್ರಕ್ಕೆ ಸೇರಿಸಿ, ಹಿಂತುದಿಯ ಬಿಲ್ಲೆಯನ್ನು ನಳಿಕೆಯ ಅಡಿಯಲ್ಲಿರುವ ಅರ್ಧಚಂದ್ರಾಕಾರದ ಕೊರೆತದಲ್ಲಿ ನೇರವಾಗಿ ಕೂರಿಸಬೇಕು. ಓರೆಯಾಗಿ ಕೂತರೆ ಸ್ಲೈಡ್ ಸರಾಗವಾಗಿ ಸರಿಯುವುದಿಲ್ಲ. ಮೂರನೇ ಮತ್ತು ನಾಲ್ಕನೇ ತಲೆಮಾರಿನ ಜೋಡಣೆಗಳು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ತಲೆಮಾರನ್ನು ಗಮನಿಸಬೇಕು.

ವಾಲ್ಥರ್ ಪಿಪಿಕೆಯಂತಹ ಹಳೆಯ ವಿನ್ಯಾಸಗಳಲ್ಲಿ ಸ್ಪ್ರಿಂಗ್ ನಳಿಕೆಯನ್ನೇ ಸುತ್ತಿಕೊಂಡಿರುತ್ತದೆ. ಅಲ್ಲಿ ಎರಡು ತುದಿಗಳ ಅಗಲ ಬೇರೆ ಬೇರೆಯಾಗಿರುತ್ತದೆ. ಯಾವ ತುದಿ ಯಾವ ಕಡೆಗಿತ್ತು ಎಂಬುದನ್ನು ತೆಗೆಯುವಾಗಲೇ ಗುರುತು ಮಾಡಿಕೊಳ್ಳಬೇಕು.

ಸ್ಲೈಡನ್ನು ಮರಳಿ ಸೇರಿಸಿದ ಮೇಲೆ ಖಾಲಿ ಪಿಸ್ತೂಲಿನಲ್ಲಿಯೇ ಹತ್ತಾರು ಬಾರಿ ಎಳೆದು ಬಿಟ್ಟು ನೋಡಬೇಕು. ಖಾಲಿ ಮ್ಯಾಗಜಿನ್ ಹಾಕಿ ಎಳೆದಾಗ ಸ್ಲೈಡ್ ತೆರೆದು ನಿಲ್ಲಬೇಕು. ಮೇಲೆ ಹೇಳಿದ 45 ಡಿಗ್ರಿ ಪರೀಕ್ಷೆಯಲ್ಲಿಯೂ ಅದು ಉತ್ತೀರ್ಣವಾಗಬೇಕು. ಕೊನೆಯ ಪರೀಕ್ಷೆ ಅಧಿಕೃತ ಗುಂಡು ಹಾರಿಸುವ ಮೈದಾನದಲ್ಲಿ ನಡೆಯಬೇಕೇ ವಿನಾ ತೋಟದಲ್ಲಿಯೋ ತಾರಸಿಯ ಮೇಲೋ ಅಲ್ಲ.

ಹಳೆಯ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಿ ಮರುಬಳಸುವ, ಬಿಗಿಯಾದುದನ್ನು ಒಂದು ಸುತ್ತು ಕತ್ತರಿಸಿ ಹೊಂದಿಸುವ ಪ್ರಯತ್ನಗಳು ಅಪಾಯಕಾರಿ. ಎಳೆದ ಸ್ಪ್ರಿಂಗ್ ಕೆಲವೇ ಗುಂಡುಗಳಲ್ಲಿ ಮತ್ತೆ ಕುಗ್ಗುತ್ತದೆ. ಕತ್ತರಿಸಿದರೆ ಅದರ ಬಲದ ಲೆಕ್ಕವೇ ಬದಲಾಗುತ್ತದೆ.

ಭಾರತದಲ್ಲಿ ಕಾನೂನು ಏನೆನ್ನುತ್ತದೆ?

ಅಮೆರಿಕದಲ್ಲಿ ಇಂತಹ ಸ್ಪ್ರಿಂಗನ್ನು ಅಂಚೆಯಲ್ಲಿ ತರಿಸಿ ಮನೆಯಲ್ಲೇ ಹಾಕಿಕೊಳ್ಳುವುದು ಸಾಮಾನ್ಯ. ಭಾರತದ ಸ್ಥಿತಿ ಬೇರೆ. 9 ಮಿ.ಮೀ. ಪಿಸ್ತೂಲು ಇಲ್ಲಿ ನಿಷೇಧಿತ ಬೋರ್ ಎಂಬ ವರ್ಗಕ್ಕೆ ಸೇರಿದ್ದು, ಮುಖ್ಯವಾಗಿ ಸೇನೆ ಮತ್ತು ಪೊಲೀಸರ ಬಳಕೆಯಲ್ಲಿದೆ. ಸಾಮಾನ್ಯ ಪರವಾನಗಿದಾರರ ಕೈಯಲ್ಲಿರುವುದು ಬಹುತೇಕ .32 ಬೋರಿನ ಪಿಸ್ತೂಲುಗಳು. ಈ ತೋಟಾದ ಪಿಸ್ತೂಲುಗಳಲ್ಲಿ ಹೆಚ್ಚಿನವಕ್ಕೆ ನಳಿಕೆಯನ್ನು ಬಂಧಿಸುವ ಬೀಗದ ವ್ಯವಸ್ಥೆ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲವೇ ಅಲ್ಲಿ ಬಾಗಿಲನ್ನು ಮುಚ್ಚಿ ಹಿಡಿಯುತ್ತವೆ. ಹಾಗಾಗಿ ಸ್ಪ್ರಿಂಗಿನ ಸ್ಥಿತಿ ಅಲ್ಲಿಯೂ ಅಷ್ಟೇ ಮುಖ್ಯ.

1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆಯಂತೆ 'ಆಯುಧ' ಎಂಬ ಪದದಲ್ಲಿ ಅದರ ಬಿಡಿಭಾಗಗಳೂ ಸೇರುತ್ತವೆ. 5ನೇ ಕಲಮು ಬಂದೂಕುಗಳ ತಯಾರಿಕೆ, ಮಾರಾಟ, ದುರಸ್ತಿ ಮತ್ತು ಪರೀಕ್ಷೆಗೆ ಪ್ರತ್ಯೇಕ ಪರವಾನಗಿಯನ್ನು ಕಡ್ಡಾಯಗೊಳಿಸಿದೆ. ಆಯುಧ ಇಟ್ಟುಕೊಳ್ಳುವ ಪರವಾನಗಿ ಅದನ್ನು ದುರಸ್ತಿ ಮಾಡುವ ಪರವಾನಗಿಯಲ್ಲ ಎಂಬ ವ್ಯತ್ಯಾಸವನ್ನು ಹಲವರು ಮರೆಯುತ್ತಾರೆ. ವಿದೇಶದಿಂದ ಸ್ಪ್ರಿಂಗ್ ತರಿಸುವುದು, ಗುರುತಿನ ಮೆಕ್ಯಾನಿಕ್ ಬಳಿ ಹೊಂದಿಸಿಕೊಳ್ಳುವುದು ಕಾನೂನಿನ ತೊಡಕನ್ನು ಆಹ್ವಾನಿಸಿದಂತೆ. ಪರವಾನಗಿ ಹೊಂದಿದ ಶಸ್ತ್ರಾಸ್ತ್ರ ವ್ಯಾಪಾರಿ ಅಥವಾ ದುರಸ್ತಿಗಾರರ ಬಳಿಗೆ ಪರವಾನಗಿ ಪತ್ರದೊಂದಿಗೆ ಹೋಗುವುದೇ ಸರಿಯಾದ ದಾರಿ. ಮನೆಯಲ್ಲಿ ಮಾಡಬಹುದಾದದ್ದು ಶುಚಿಗೊಳಿಸುವುದು, ತೆಳುವಾಗಿ ಎಣ್ಣೆ ಸವರುವುದು ಮತ್ತು ಲೆಕ್ಕ ಇಡುವುದು.

ಲೆಕ್ಕಕ್ಕೆ ಒಂದು ಚಿಕ್ಕ ಪುಸ್ತಕ ಸಾಕು. ಸ್ಪ್ರಿಂಗ್ ಹಾಕಿಸಿದ ದಿನಾಂಕ, ಅಲ್ಲಿಂದ ಹಾರಿಸಿದ ಗುಂಡುಗಳ ಸಂಖ್ಯೆ, ಕಂಡುಬಂದ ತೊಡಕು, ಇಷ್ಟನ್ನು ಬರೆದಿಟ್ಟರೆ ಆಯುಧವನ್ನು ಊಹೆಯ ಮೇಲೆ ನಂಬುವ ಪ್ರಸಂಗ ಬರುವುದಿಲ್ಲ. ಹಳೆಯ ಪಿಸ್ತೂಲನ್ನು ಕಾನೂನುಬದ್ಧವಾಗಿ ಕೊಂಡವರಿಗೆ ಅಥವಾ ಹಿರಿಯರಿಂದ ಪಡೆದವರಿಗೆ ಈ ಲೆಕ್ಕ ಸಿಗುವುದು ವಿರಳ. ಅಂತಹವರು ಮೊದಲ ಕೆಲಸವಾಗಿ ಸ್ಪ್ರಿಂಗನ್ನು ಬದಲಿಸಿ, ಅಂದಿನಿಂದ ಎಣಿಕೆ ಆರಂಭಿಸುವುದು ಲೇಸು.