ಮದರಾಸಿನ ಬೀದಿಯಲ್ಲಿ ಬೈಸಿಕಲ್ಲು

ಮದರಾಸಿಗೆ ಬಂದು ನೆಲೆಸಿದ ಕನ್ನಡಿಗರ ಚರಿತ್ರೆಯನ್ನು ಹೇಳುವಾಗ ನಮ್ಮವರು ಸಾಮಾನ್ಯವಾಗಿ ಮೂರು ವಿಷಯಗಳನ್ನು ಎತ್ತುತ್ತಾರೆ. ಉಡುಪಿಯ ಕಡೆಯಿಂದ ಬಂದು ಹೋಟೆಲು ತೆರೆದವರ ಸಾಹಸ ಒಂದು. ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಓದಿಗೂ ಕೋರ್ಟು ಕಚೇರಿಗಳಿಗೂ ಬಂದವರ ಕಥೆ ಇನ್ನೊಂದು. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾದ ಕಾಲ ಮೂರನೆಯದು. ಇವೆಲ್ಲ ಹೇಳಬೇಕಾದದ್ದೇ. ಆದರೆ ಬಾಡಿಗೆ ಮನೆಯ ಗುಮಾಸ್ತರೂ, ಹೋಟೆಲಿನ ಕ್ಯಾಷಿಯರೂ, ಸ್ಟುಡಿಯೋದ ಸಹಾಯಕರೂ ಮನೆಯಿಂದ ಕೆಲಸದ ಜಾಗಕ್ಕೆ ಹೇಗೆ ಹೋಗುತ್ತಿದ್ದರು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಟ್ರಾಮಿನಲ್ಲಿ, ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಹೋದವರು ಬಹಳ. ಅವರಷ್ಟೇ ಮುಖ್ಯರಾದವರು ಬೈಸಿಕಲ್ಲಿನ ಮೇಲೆ ಹೋದವರು. ಈ ನಗರದಲ್ಲಿ ಆ ವಾಹನದ ಚರಿತ್ರೆ ಏನು, ಅದು ನಮ್ಮಂಥವರ ಕೈಬಿಟ್ಟದ್ದು ಯಾವಾಗ, ಅದರ ಫಲವೇನು ಎಂಬುದನ್ನು ನಾವು ಇಲ್ಲಿ ಸ್ವಲ್ಪ ನೋಡೋಣ.

ಮೊದಲು ವಂಶಾವಳಿ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಚಕ್ರಗಳ ಒಂದು ಮರದ ಗಾಡಿಯನ್ನು ಮಾಡಿದ. ಅದಕ್ಕೆ ಪೆಡಲು ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ಮುಂದೆ ಹೋಗಬೇಕಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಪೆಡಲು ಬಂತು. ಆಮೇಲೆ ಇಂಗ್ಲೆಂಡಿನಲ್ಲಿ ಮುಂದಿನ ಚಕ್ರ ಆಳೆತ್ತರ, ಹಿಂದಿನದು ಗೇಣುದ್ದ ಎಂಬಂಥ ವಿಚಿತ್ರ ವಾಹನ ಕೆಲಕಾಲ ಮೆರೆಯಿತು. ಅದರಿಂದ ಬಿದ್ದವರಿಗೆ ಹಲ್ಲು ಉಳಿಯುತ್ತಿರಲಿಲ್ಲ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲೆ ಎಂಬಾತ ಸಮನಾದ ಎರಡು ಚಕ್ರಗಳನ್ನಿಟ್ಟು, ಚೈನಿನಿಂದ ಹಿಂದಿನ ಚಕ್ರವನ್ನು ತಿರುಗಿಸುವ 'ರೋವರ್' ಸೈಕಲ್ಲನ್ನು ತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ಅಲ್ಲಿಗೆ ಸೈಕಲ್ಲಿನ ರೂಪ ಸ್ಥಿರವಾಯಿತು. ಇಂದು ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಮುಂದೆ ಒರಗಿರುವ ಕರಿ ಸೈಕಲ್ಲಿಗೂ ಸ್ಟಾರ್ಲೆಯ ಸೈಕಲ್ಲಿಗೂ ದೊಡ್ಡ ವ್ಯತ್ಯಾಸವೇನೂ ಇಲ್ಲ.

ನಮ್ಮ ದೇಶಕ್ಕೆ ಅದು ಬಂದದ್ದು ದೊರೆಗಳ ವಾಹನವಾಗಿ. ಆಮೇಲೆ ವಕೀಲರು, ಡಾಕ್ಟರರು, ಅನುಕೂಲಸ್ಥರ ಮಕ್ಕಳು ಏರಿದರು. ರ‍್ಯಾಲಿ, ಹಂಬರ್, ಬಿಎಸ್‌ಎ, ಹರ್ಕ್ಯುಲಿಸ್ ಎಂಬ ಹೆಸರುಗಳೆಲ್ಲ ಹಡಗಿನಲ್ಲಿ ಬಂದವು. ಸಣ್ಣ ಸಂಬಳದ ಗುಮಾಸ್ತನ ಕೈಗೆ ಹೊಸ ಸೈಕಲ್ಲು ಎಟುಕಬೇಕಾದರೆ ಅದು ಇಲ್ಲಿಯೇ ತಯಾರಾಗಬೇಕಿತ್ತು.

ಇಲ್ಲಿಂದ ಮದರಾಸಿನ ಪಾಲು ಆರಂಭ. 1949ರಲ್ಲಿ ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯೊಡನೆ ಸೇರಿ 'ಟಿ. ಐ. ಸೈಕಲ್ಸ್ ಆಫ್ ಇಂಡಿಯಾ' ಸಂಸ್ಥೆಯನ್ನು ಸ್ಥಾಪಿಸಿದರು. ನಗರದ ಪಶ್ಚಿಮಕ್ಕಿರುವ ಅಂಬತ್ತೂರಿನ ಕಾರ್ಖಾನೆಯಿಂದ 1951ರಲ್ಲಿ ಹರ್ಕ್ಯುಲಿಸ್ ಸೈಕಲ್ಲುಗಳು ಹೊರಬರತೊಡಗಿದವು. ಮುಂದೆ ಫಿಲಿಪ್ಸ್, ಬಿಎಸ್‌ಎ ಹೆಸರಿನವೂ ಅಲ್ಲಿಯೇ ತಯಾರಾದವು. 1959ರಲ್ಲಿ ಡನ್ಲಪ್ ಕಂಪನಿಯ ಟೈರಿನ ಕಾರ್ಖಾನೆಯೂ ಅಂಬತ್ತೂರಿಗೆ ಬಂತು. ಇಂಗ್ಲೆಂಡಿನ ಕಂಪನಿಯ ಮುಖ್ಯಸ್ಥರಾಗಿದ್ದ ಸರ್ ಐವನ್ ಸ್ಟೆಡ್‌ಫರ್ಡ್ ಅವರ ಹೆಸರನ್ನು ಹೊತ್ತ ಆಸ್ಪತ್ರೆಯೊಂದು ಅಂಬತ್ತೂರಿನಲ್ಲಿದೆ. ಆ ಹೆಸರು ಯಾರದೆಂದು ಕೇಳಿದರೆ ಈಗ ಹೇಳುವವರು ಕಡಿಮೆ. ಧಾರವಾಡದಲ್ಲೋ ಶಿವಮೊಗ್ಗೆಯಲ್ಲೋ ಯಾರದೋ ತಂದೆ ಮಗನಿಗೆ ಹೊಸ ಹರ್ಕ್ಯುಲಿಸ್ ಕೊಡಿಸಿದ್ದರೆ, ಅದು ಬಹುಶಃ ಇಲ್ಲಿಂದಲೇ ರೈಲು ಹತ್ತಿ ಹೋದದ್ದು.

ಅದೇ ಹೊತ್ತಿಗೆ ಇನ್ನೊಂದು ಘಟನೆಯೂ ನಡೆಯಿತು. ಭಾರತದಲ್ಲಿ ವಿದ್ಯುತ್ ಟ್ರಾಮು ಮೊದಲು ಓಡಿದ್ದು ಮದರಾಸಿನಲ್ಲಿ, 1895ರಲ್ಲಿ. ಅದು 1953ರಲ್ಲಿ ನಿಂತುಹೋಯಿತು. ಟ್ರಾಮನ್ನು ನಂಬಿದ್ದವರಲ್ಲಿ ಕೆಲವರು ಬಸ್ಸಿನ ಸಾಲಿಗೆ ಹೋದರು. ಕೆಲವರು ಸೈಕಲ್ಲಿನ ಅಂಗಡಿಗೆ ಹೋದರು. ಸೈಕಲ್ಲಿಗೆ ಇದಕ್ಕಿಂತ ಹಿತವಾದ ಊರು ಸಿಗುವುದೂ ಕಷ್ಟ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ನೌಕರರು ಏರು ಇಳಿವುಗಳಲ್ಲಿ ಏದುಸಿರು ಬಿಡುತ್ತ ತುಳಿಯುತ್ತಿದ್ದರು. ಮದರಾಸು ದೋಸೆಯ ಕಾವಲಿಯಂತೆ ಸಮತಟ್ಟು. ಇನ್ನೊಂದು ಅನುಕೂಲ ಗಾಳಿಯದು. ಕಚೇರಿಗಳು ಕೋಟೆ, ಬೀಚು, ಮೌಂಟ್ ರಸ್ತೆಗಳ ಕಡೆ, ಅಂದರೆ ಪೂರ್ವಕ್ಕೆ. ಗುಮಾಸ್ತರ ಮನೆಗಳು ಬಹುಪಾಲು ಪಶ್ಚಿಮಕ್ಕೆ. ಬೇಸಗೆಯ ತಿಂಗಳುಗಳಲ್ಲಿ ಬೆಳಗಿನ ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲಿನದು ಕಡಲಿನಿಂದ ನೆಲಕ್ಕೆ. ಹೋಗುವಾಗಲೂ ಬರುವಾಗಲೂ ಗಾಳಿ ಬೆನ್ನಿಗೆ! ವರುಣನೂ ವಾಯುವೂ ಸೇರಿ ಗುಮಾಸ್ತನಿಗೆ ಕೊಟ್ಟ ಭತ್ಯೆ ಅದು.

ಬಿ. ಎಸ್‌ಸಿ. ಓದಿದ ಚಪಲಕ್ಕೆ ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇವೆ, ವಾಚಕರು ಕ್ಷಮಿಸಬೇಕು. ಹಳೆಯ ಕರಿ ಸೈಕಲ್ಲಿನ ಚಕ್ರದ ವ್ಯಾಸ 28 ಅಂಗುಲ. ಪೆಡಲಿನ ಬಳಿಯ ಹಲ್ಲಿನ ಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಂಡರೆ ಪೆಡಲು ಒಂದು ಸುತ್ತು ಬಂದಾಗ ಸೈಕಲ್ಲು ಸುಮಾರು ಆರು ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ ನಲವತ್ತು ಸುತ್ತು, ಅಂದರೆ ಬೆವರದ ಹಾಗೆ ತುಳಿದರೂ ಗಂಟೆಗೆ 14 ಕಿಲೋಮೀಟರು ಆಯಿತು. ಅಷ್ಟೇ ದೂರ ನಡೆಯಲು ಬೇಕಾದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಸಾಕು. ಪೆಟ್ರೋಲಿನ ಖರ್ಚಿಲ್ಲ, ಟಿಕೆಟಿನ ಚಿಲ್ಲರೆಗೆ ಪರದಾಟವಿಲ್ಲ.

ಸರ್ಕಾರವೂ ಇದನ್ನು ಬಲ್ಲದ್ದೇ. ಕೇಂದ್ರ ಸರ್ಕಾರದ ನೌಕರರಿಗೆ ಸೈಕಲ್ ಮುಂಗಡ ಎಂಬುದೊಂದಿತ್ತು. ಅರ್ಜಿ ಬರೆದು, ಹಣ ಪಡೆದು, ಸೈಕಲ್ಲು ಕೊಂಡು, ರಸೀದಿ ಒಪ್ಪಿಸಿ, ತಿಂಗಳ ಸಂಬಳದಲ್ಲಿ ಕಂತು ಮುರಿಸಿಕೊಳ್ಳುವುದು. ನಮ್ಮ ಕಚೇರಿಯ ಹಿರಿಯರು ನಿವೃತ್ತರಾಗುವ ಮುನ್ನ ಆ ದಿನಗಳನ್ನು ವರ್ಣಿಸುತ್ತಿದ್ದರು. ಕಚೇರಿಯ ಹಿಂದೆ ತಗಡಿನ ಸೂರಿನ ಸೈಕಲ್ ಸ್ಟ್ಯಾಂಡು. ಕ್ಯಾರಿಯರಿನಲ್ಲಿ ಊಟದ ಡಬ್ಬಿ. ಪ್ಯಾಂಟಿನ ಕಾಲಿಗೆ ಚೈನಿನ ಎಣ್ಣೆ ತಾಗದಿರಲು ಒಂದು ಕ್ಲಿಪ್ಪು. ಕತ್ತಲಾದ ಮೇಲೆ ದೀಪವಿಲ್ಲದಿದ್ದರೆ ಪೋಲೀಸಿನವನ ಕೈಗೆ ಸಿಕ್ಕಿಬೀಳುವ ಭಯ. ಇಬ್ಬರು ಕೂತರೆ 'ಡಬಲ್ಸ್' ಎಂದು ದಂಡ. ಆದಿತ್ಯವಾರ ಹೆಂಡತಿಯನ್ನು ಹಿಂದೆ, ಮಗುವನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಸಂಘದ ಕಾರ್ಯಕ್ರಮಕ್ಕೆ ಹೊರಟವರು ಪೋಲೀಸಿನವನನ್ನು ದೂರದಿಂದ ಕಂಡರೆ ಇಳಿದು ನಡೆಯುತ್ತಿದ್ದರಂತೆ. ಅವನು ದಾಟಿದ ಮೇಲೆ ಮತ್ತೆ ಸವಾರಿ.

1970ರ ಸುಮಾರಿಗೆ ಮದರಾಸಿನ ಜನ ದಿನಕ್ಕೆ ಮಾಡುತ್ತಿದ್ದ ಓಡಾಟಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಸೈಕಲ್ಲಿನ ಮೇಲೆ ನಡೆಯುತ್ತಿತ್ತು. ಮೋಟಾರು ಬೈಕು, ಸ್ಕೂಟರುಗಳ ಪಾಲು ಅದರ ಮುಂದೆ ಏನೂ ಅಲ್ಲ. 2008ರ ಸಮೀಕ್ಷೆಯ ಹೊತ್ತಿಗೆ ಸೈಕಲ್ಲಿನ ಪಾಲು ನೂರರಲ್ಲಿ ಆರರ ಸುಮಾರಿಗೆ ಇಳಿದಿತ್ತು. ಮೋಟಾರು ದ್ವಿಚಕ್ರಗಳದು ಇಪ್ಪತ್ತೈದರ ಸುಮಾರಿಗೆ ಏರಿತ್ತು. ಇದು ಹೇಗಾಯಿತು?

ಒಂದು ಕಾರಣ ನಮ್ಮ ನಾಡಿನ ಗಡಿಯ ಬಳಿಯೇ ಹುಟ್ಟಿದ್ದು. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಇಬ್ಬರು ಕೂರಬಹುದಾದ 'ಟಿವಿಎಸ್ 50' ಮೊಪೆಡ್ಡು ಬಂತು. ಡಬಲ್ಸ್ ಹೋದರೆ ದಂಡವಿಲ್ಲದ, ತುಳಿಯಬೇಕಾಗಿಲ್ಲದ ಸೈಕಲ್ಲು! 1984ರಲ್ಲಿ ಅದೇ ಹೊಸೂರಿನಿಂದ ಸುಜುಕಿ ಸಹಯೋಗದ ಮೋಟಾರು ಸೈಕಲ್ಲೂ ಬಂತು. ಕಂತಿನ ಮೇಲೆ ಕೊಡುವವರು ಬೀದಿಗೊಬ್ಬರಾದರು. ಎರಡನೆಯ ಕಾರಣ ದೂರ. ಟಿ. ನಗರ, ಮೈಲಾಪುರಗಳ ಬಾಡಿಗೆ ಕೈಗೆಟುಕದೆ ಜನ ತಾಂಬರಂ, ಅಂಬತ್ತೂರು, ಪೆರಂಬೂರುಗಳಾಚೆ ಮನೆ ಹಿಡಿದರು. 2011ರಲ್ಲಿ ನಗರಪಾಲಿಕೆಯ ವಿಸ್ತಾರವೇ 174 ಚದರ ಕಿಲೋಮೀಟರಿನಿಂದ 426ಕ್ಕೆ ಬೆಳೆಯಿತು. ಆರು ಕಿಲೋಮೀಟರು ತುಳಿಯುವವನು ಇಪ್ಪತ್ತು ಕಿಲೋಮೀಟರು ತುಳಿಯಲಾರ. ಮೂರನೆಯದು ಮರ್ಯಾದೆಯ ಪ್ರಶ್ನೆ. ಅಳಿಯನಿಗೆ ಸೈಕಲ್ಲು ಕೊಡುವುದು ಒಂದು ಕಾಲಕ್ಕೆ ಗೌರವ. ಮುಂದಿನ ಕಾಲಕ್ಕೆ ಅದೇ ನಗೆಪಾಟಲು.

ಇಷ್ಟನ್ನೂ ಎಲ್ಲರೂ ಬಲ್ಲರು. ಆದರೆ ನಮಗೆ ಮುಖ್ಯವಾಗಿ ತೋರುವ ಮಾತು ಬೇರೆ. ಮದರಾಸು ಸೈಕಲ್ಲನ್ನು ಬಿಡಲಿಲ್ಲ. ಬಿಟ್ಟದ್ದು ಗುಮಾಸ್ತ ವರ್ಗ. ಬೆಳಗ್ಗೆ ಐದಕ್ಕೆ ಪತ್ರಿಕೆ ಹಾಕುವ ಹುಡುಗ, ಕಾವಲುಗಾರ, ಮೀನು ಮಾರುವವನು, ಬಿಹಾರ ಒಡಿಶಾಗಳಿಂದ ಕಟ್ಟಡದ ಕೆಲಸಕ್ಕೆ ಬಂದು ಹಳೆಯ ಸೈಕಲ್ಲೊಂದನ್ನು ಕೊಂಡವನು, ಇವರೆಲ್ಲ ಇಂದಿಗೂ ತುಳಿಯುತ್ತಲೇ ಇದ್ದಾರೆ. ಹೋದ ಪೀಳಿಗೆಯಲ್ಲಿ ನಮ್ಮ ಹಿರಿಯರು ಪರಸ್ಥಳದಿಂದ ಬಂದು ಮಾಡಿದ್ದನ್ನೇ ಅವರು ಈಗ ಮಾಡುತ್ತಿದ್ದಾರೆ. ವ್ಯತ್ಯಾಸ ಒಂದೇ. ಅಂದಿನ ಸವಾರರಲ್ಲಿ ಅರ್ಜಿ ಬರೆಯಬಲ್ಲವರಿದ್ದರು. ಸ್ಟ್ಯಾಂಡಿಗೆ ಸೂರಿಲ್ಲವೆಂದರೆ ಮೇಲಧಿಕಾರಿಗೆ ಅರ್ಜಿ; ರಸ್ತೆಯಲ್ಲಿ ಗುಂಡಿ ಬಿದ್ದರೆ 'ಹಿಂದೂ' ಪತ್ರಿಕೆಗೆ ಕಾಗದ. ಇಂದಿನ ಸವಾರನಿಗೆ ಈ ಊರಿನ ಭಾಷೆಯೂ ಬಾರದು, ಅರ್ಜಿ ಎಲ್ಲಿ ಕೊಡಬೇಕೆಂಬುದೂ ತಿಳಿಯದು. ಕೇಳುವವರಿಲ್ಲದ ಮೇಲೆ ಮೇಲುಸೇತುವೆ ಬಂತು, ಸರ್ವಿಸ್ ರಸ್ತೆ ಬಂತು, ಸೈಕಲ್ಲಿನವನಿಗೆ ಮಾತ್ರ ಜಾಗ ಬರಲಿಲ್ಲ. ಚೆನ್ನೈ ತಮಿಳಿನಲ್ಲಿ 'ಸೈಕಲ್ ಗ್ಯಾಪ್' ಎಂಬ ಮಾತೊಂದಿದೆ. ಸಿಕ್ಕ ಸಣ್ಣ ಸಂದಿನಲ್ಲಿ ನುಸುಳಿ ಕೆಲಸ ಸಾಧಿಸಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ. ಬೆಂಗಳೂರಿನ ನಮ್ಮ ಮಕ್ಕಳ ಬಾಯಲ್ಲೂ ಅದು ಕೇಳುತ್ತದೆ. ಆ ಗ್ಯಾಪು ಈಗ ಮಾತಿನಲ್ಲಿ ಉಳಿದಷ್ಟು ರಸ್ತೆಯಲ್ಲಿ ಉಳಿದಿಲ್ಲ.

ಬರೆಯಬಲ್ಲವರು, ಅಧಿಕಾರದಲ್ಲಿರುವವರು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೂ ಇದೇ ರಾಜ್ಯದಲ್ಲಿ ಉದಾಹರಣೆಯಿದೆ. ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1991ರ ಸುಮಾರಿಗೆ ಅಕ್ಷರ ಚಳವಳಿಯ ಜೊತೆಗೆ ಹಳ್ಳಿಯ ಹೆಂಗಸರಿಗೆ ಸೈಕಲ್ಲು ಕಲಿಸುವ ಕೆಲಸವೂ ನಡೆಯಿತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಪತ್ರಕರ್ತ ಪಿ. ಸಾಯಿನಾಥ್ ಬರೆದಿರುವಂತೆ ಲಕ್ಷಕ್ಕೂ ಮಿಕ್ಕ ಹೆಂಗಸರು ಸವಾರಿ ಕಲಿತರು. ಕಲ್ಲುಕ್ವಾರಿಯ ಕೂಲಿಯವರು, ಅಂಗನವಾಡಿಯವರು, ಶಾಲೆಯ ಟೀಚರುಗಳು ಎಲ್ಲರೂ ಅದರಲ್ಲಿದ್ದರು. ನೀರು ತರಲು, ಸಂತೆಗೆ ಹೋಗಲು ಯಾರ ದಾರಿಯನ್ನೂ ಕಾಯಬೇಕಾಗಿಲ್ಲವಾಯಿತು. ಗಂಡಸರ ಸೈಕಲ್ಲೇ ಬೇಕೆಂದು ಕೇಳಿದವರೂ ಇದ್ದರಂತೆ. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ! ಮುಂದೆ ತಮಿಳುನಾಡು ಸರ್ಕಾರ ಶಾಲಾ ಮಕ್ಕಳಿಗೆ ಸೈಕಲ್ಲು ಹಂಚಿತು; ನಮ್ಮ ಕರ್ನಾಟಕದಲ್ಲಿಯೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹಲವು ವರ್ಷ ಹಂಚಿದರು.

ನಗರದ ಅನುಕೂಲಸ್ಥರಲ್ಲಿ ಸೈಕಲ್ಲು ಮತ್ತೆ ಹುಟ್ಟಿದೆ ಎಂಬುದನ್ನೂ ಹೇಳಬೇಕು. ಇಲ್ಲಿ ಚಳಿಗಾಲವೆಂಬುದಿದ್ದರೆ ಅದು ತಮಿಳರ ಮಾರ್ಗಳಿ, ನಮ್ಮ ಧನುರ್ಮಾಸ. ದೇವಸ್ಥಾನಗಳಲ್ಲಿ ಪೊಂಗಲ್ ನೈವೇದ್ಯವಾಗುವ ಹೊತ್ತಿಗೆ ಪೂರ್ವ ಕರಾವಳಿ ರಸ್ತೆಯಲ್ಲಿ ಹೆಲ್ಮೆಟ್ಟು ತೊಟ್ಟವರ ಗುಂಪುಗಳು ಮಹಾಬಲಿಪುರದ ಕಡೆ ಹೊರಡುತ್ತವೆ. ಹೋಗಿಬರಲು ನೂರು ಕಿಲೋಮೀಟರಿನ ಮೇಲಾಗುತ್ತದೆ. ಆಗ ಮುಖ್ಯಮಂತ್ರಿಯಾಗಿದ್ದ ಎಂ. ಕೆ. ಸ್ಟಾಲಿನ್ ಅವರೂ 2021ರಲ್ಲಿ ಈ ರಸ್ತೆಯಲ್ಲಿ ತುಳಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬೆಟ್ಟದ ದಾರಿಗೆ ಮಾಡಿದ ದಪ್ಪ ಟೈರಿನ ಸೈಕಲ್ಲುಗಳು ಈ ಬಯಲೂರಿನಲ್ಲಿ ಗುಂಡಿಗಳನ್ನು ದಾಟಲು ಒದಗುತ್ತವೆ. ನಿಜವಾದ ಏರು ಬೇಕಾದವರು ಯಲಗಿರಿಗೆ ಹೋಗುತ್ತಾರೆ. ಸಂತೋಷವೇ. ಆದರೆ 1995ರ ದಕ್ಷಿಣ ಏಷ್ಯಾ ಕ್ರೀಡೆಗಳಿಗಾಗಿ ನಗರದ ಹೊರಗೆ ಮೇಲಕೋಟ್ಟೈಯೂರಿನಲ್ಲಿ ಕಟ್ಟಿದ ಸೈಕಲ್ ಪಥ ಎಷ್ಟೋ ವರ್ಷ ಹಾಳುಬಿದ್ದಿತ್ತು. ಪಂದ್ಯದ ಸೈಕಲ್ಲು ಬೆಳೆಯುವುದು ದಿನಬಳಕೆಯ ಸೈಕಲ್ಲಿನ ನೆಲದಲ್ಲಿ. ನಮ್ಮ ವಿಜಯಪುರ, ಬಾಗಲಕೋಟೆಗಳ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಿರುವುದೇ ಇದಕ್ಕೆ ಸಾಕ್ಷಿ.

ಕಾಗದದ ಮೇಲೆ ಒಳ್ಳೆಯ ಮಾತುಗಳೂ ಇವೆ. 2014ರಲ್ಲಿ ನಗರಪಾಲಿಕೆ ನಡೆಯುವವರಿಗೂ ಸೈಕಲ್ಲಿನವರಿಗೂ ಆದ್ಯತೆ ಕೊಡುವ ನೀತಿಯನ್ನು ಒಪ್ಪಿತು. 2019ರಲ್ಲಿ ಪಾಂಡಿ ಬಜಾರಿನ ಅಗಲವಾದ ಕಾಲುದಾರಿ ತೆರೆಯಿತು. ಇನ್ನು ನಮ್ಮ ಇಲಾಖೆಗಳ ಕಡತಕ್ಕೆ ಬಂದರೆ, ಏಳನೆಯ ವೇತನ ಆಯೋಗದ ಶಿಫಾರಸಿನ ಮೇಲೆ ಸೈಕಲ್ ಮುಂಗಡ 2016ರಲ್ಲಿ ರದ್ದಾಯಿತು. ಸೈಕಲ್ ಭತ್ಯೆಯನ್ನೂ ರದ್ದುಮಾಡಬೇಕೆಂದು ಆಯೋಗ ಹೇಳಿತ್ತು. ಆದರೆ ಅಂಚೆಯವರೂ ರೈಲ್ವೆ ಹಳಿ ಕಾಯುವವರೂ ಇನ್ನೂ ತುಳಿಯುತ್ತಿದ್ದಾರೆಂಬ ಕಾರಣಕ್ಕೆ ಸರ್ಕಾರ 2017ರಲ್ಲಿ ಅದನ್ನು ಉಳಿಸಿ, ತಿಂಗಳಿಗೆ 90 ರೂಪಾಯಿ ಇದ್ದುದನ್ನು 180 ಮಾಡಿತು. ಯಾರೋ ಆ ನೌಕರರ ಪರವಾಗಿ ಒಂದು ಟಿಪ್ಪಣಿ ಬರೆದಿರಬೇಕು. ಬರೆದದ್ದರಿಂದ ಉಳಿಯಿತು.

ಇಪ್ಪತ್ತು ಕಿಲೋಮೀಟರು ದೂರದ ಕಚೇರಿಗೆ ಸೈಕಲ್ಲಿನಲ್ಲಿ ಹೋಗಿರೆಂದು ನಾವು ಯಾರಿಗೂ ಉಪದೇಶ ಮಾಡುವುದಿಲ್ಲ. ಮೆಟ್ರೋ ನಿಲ್ದಾಣಕ್ಕೆ ಎರಡು ಕಿಲೋಮೀಟರು, ಮಕ್ಕಳ ಟ್ಯೂಷನ್ನಿಗೆ ಒಂದು, ಸಂಘದ ಗ್ರಂಥಾಲಯಕ್ಕೆ ಮೂರು, ಇಷ್ಟು ಸಾಧ್ಯ. ಹತ್ತು ವರ್ಷದ ಮಗುವನ್ನು ಬೀದಿಯ ತಿರುವಿನವರೆಗೂ ಸೈಕಲ್ಲಿನಲ್ಲಿ ಕಳಿಸಲು ತಾಯಂದಿರು ಹೆದರುತ್ತಾರೆ. ಆ ಹೆದರಿಕೆ ನ್ಯಾಯವಾದದ್ದು. ಅದು ಹೋಗಬೇಕಾದರೆ ರಸ್ತೆಯ ಅಂಚಿನಲ್ಲಿ ಒಂದೂವರೆ ಮೀಟರು ಜಾಗ ಬೇಕು, ನಿಲ್ದಾಣದಲ್ಲಿ ಬೀಗ ಹಾಕಿ ನಿಲ್ಲಿಸಲು ಒಂದು ಸ್ಟ್ಯಾಂಡು ಬೇಕು. ನಮ್ಮ ಮಗುವಿಗೆಂದು ಕೇಳಿ ಪಡೆದ ಜಾಗದಲ್ಲಿ ಪತ್ರಿಕೆಯ ಹುಡುಗನೂ ಕಾವಲುಗಾರನೂ ಹೋಗುತ್ತಾರೆ.

ಆದುದರಿಂದ ಸಂಘದ ಮುಂದಿನ ಸಭೆಯಲ್ಲಿ, ಸದಸ್ಯರ ಮನೆಗಳಿಗೆ ಹತ್ತಿರದ ನಿಲ್ದಾಣಗಳಲ್ಲಿ ಸೈಕಲ್ ಸ್ಟ್ಯಾಂಡು, ಶಾಲೆಗಳ ಮುಂದೆ ಸೈಕಲ್ ದಾರಿ ಕೇಳಿ ನಗರಪಾಲಿಕೆಗೆ ಒಂದು ಮನವಿ ಸಲ್ಲಿಸುವ ವಿಷಯವನ್ನು ಚರ್ಚಿಸಬೇಕೆಂದು ಸೂಚಿಸುತ್ತೇವೆ. ಕರಡನ್ನು ನಾವು ಸಿದ್ಧಪಡಿಸುತ್ತೇವೆ. ಕಚೇರಿಯಲ್ಲಿ ದಿನವೂ ಮಾಡುವ ಕೆಲಸವೇ ಅದು. ತಮಿಳಿನಲ್ಲಿ ಚೆನ್ನಾಗಿ ಬರೆಯಬಲ್ಲ ಯುವಕರು ಯಾರಾದರೂ ನೆರವಾಗಬೇಕು. ಹಾಗೆಯೇ ಹಿರಿಯ ಸದಸ್ಯರ ಮನೆಗಳಲ್ಲಿ ಹಳೆಯ ಸೈಕಲ್ ರಸೀದಿ, ಪುರಸಭೆಯ ತೆರಿಗೆ ಬಿಲ್ಲೆ, ಸೈಕಲ್ಲಿನ ಜೊತೆ ತೆಗೆಸಿಕೊಂಡ ಫೋಟೋ ಏನಾದರೂ ಇದ್ದರೆ ಸಂಘದ ಕಚೇರಿಗೆ ತಲುಪಿಸಿದರೆ ಉಪಕಾರವಾದೀತು. ನೋಡಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ.